ರೂಪಾ ಕೇಳಿದ್ದಕ್ಕೆ: ಬೃಂದಾವನದ ಸೇತುವೆ ಮೇಲೆ ಮಗು ಕೈ ಬಿಡಬೇಡ

ರೂಪಾ, ನಿನ್ನ ಮೆಸೇಜ್ ನೋಡಿದೆ. ಭಾನುವಾರ ಮಕ್ಕಳನ್ನು ಕೆಆರ್‌ಎಸ್ ಅಣೆಕಟ್ಟೆ ಕೆಳಗಿನ ಬೃಂದಾವನ ತೋಟಕ್ಕೆ ಕರೆದುಕೊಂಡು ಹೋಗಬೇಕು, ಅಲ್ಲಿ ಚಿರತೆ ಬರುತ್ತಂತೆ, ಕತ್ತಲಾದ ಮೇಲೆ ಇರಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಟೈಪ್ ಮಾಡಲು ನನ್ನ ಕೈಲಾಗಲ್ಲ, ಬಾಯಲ್ಲೇ ಹೇಳುತ್ತೇನೆ. ಎಲ್ಲರೂ ಕೇಳಿಸಿಕೊಳ್ಳಿ.

ಚಿರತೆ ಬಂದಿದ್ದು ನಿಜ. 2022ರಲ್ಲಿ ಅದಕ್ಕೇ ತೋಟ ಮುಚ್ಚಿದ್ದರು, ಆಮೇಲೆ ತೆರೆದರು. ನನಗೆ ಚಿರತೆ ಭಯ ಇಲ್ಲ ಕಣೇ, ಜನರ ಭಯ. ಕಾರಂಜಿ ಮುಗಿಯುತ್ತದಲ್ಲ, ಆಗ ಸೇತುವೆ ಮೇಲೆ ಮಗು ಕೈ ಬಿಡಬೇಡ.

ನಮ್ಮ ಶಿವು ಕಳೆದುಹೋಗಿದ್ದು ನಿಮಗೆಲ್ಲ ಗೊತ್ತು. ಆಗಿನ್ನೂ ಒಂದನೇ ಕ್ಲಾಸು. ಸಂಗೀತ ಕಾರಂಜಿ ಇರುವುದು ನೀರಿನ ಆ ಕಡೆ, ಉತ್ತರ ಬೃಂದಾವನದಲ್ಲಿ. ಹೋಗುವಾಗ ಜನ ಅಷ್ಟಷ್ಟೇ ಹೋಗಿರುತ್ತಾರೆ, ಬರುವಾಗ ಎಲ್ಲರೂ ಒಂದೇ ಸಲ. ಹಾಡು ನಿಂತಿತು, ಬಣ್ಣದ ದೀಪ ಆರಿತು, ಬಸ್ಸು ತಪ್ಪುತ್ತದೆ ಅಂತ ಎಲ್ಲರೂ ನುಗ್ಗಿದರು. ಹಿಂದಿನಿಂದ ಒಂದು ತಳ್ಳು. ನಿಮ್ಮ ದೊಡ್ಡಪ್ಪನ ಬೆರಳು ಹಿಡಿದಿದ್ದ ಹುಡುಗ ಇಲ್ಲ! ನಾನು ನೀರನ್ನೇ ನೋಡುತ್ತಿದ್ದೆ. ಕೂಗಿದರೆ ಆ ಗಲಾಟೆಯಲ್ಲಿ ಯಾರಿಗೆ ಕೇಳಿಸಬೇಕು? ಜನವೆಲ್ಲ ಕರಗಿದ ಮೇಲೆ ಸಿಕ್ಕಿದ. ಚುರುಮುರಿ ಮಾರುವ ಹೆಂಗಸೊಬ್ಬಳು ತನ್ನ ಬುಟ್ಟಿ ಪಕ್ಕ ಕೂರಿಸಿಕೊಂಡಿದ್ದಳು. ಕಾಲಲ್ಲಿ ಒಂದೇ ಚಪ್ಪಲಿ. ಮುಷ್ಟಿಯಲ್ಲಿ ಕಡಲೆಕಾಯಿ ಪೊಟ್ಟಣ ಹಿಂಡಿ ಮುದ್ದೆಯಾಗಿತ್ತು, ಒಂದನ್ನೂ ತಿಂದಿರಲಿಲ್ಲ. ಆ ತಾಯಿ ಎಲ್ಲಿದ್ದರೂ ಚೆನ್ನಾಗಿರಲಿ.

ಹಾಗಂತ ಹೋಗಬೇಡ ಅನ್ನುತ್ತಿಲ್ಲ. ಮಕ್ಕಳು ನೋಡಲೇಬೇಕು. ವಿಶ್ವೇಶ್ವರಯ್ಯನವರು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ, ಇಟ್ಟಿಗೆ ಪುಡಿ ಕಲಸಿ, ಕಟ್ಟಿಸಿದ ಕಟ್ಟೆ ಅದು. ಮಿರ್ಜಾ ಇಸ್ಮಾಯಿಲ್ ಸಾಹೇಬರು ಮೈಸೂರಿನ ದಿವಾನರಾಗಿದ್ದಾಗ ಅದರ ಬುಡದಲ್ಲೇ ತೋಟ ಮಾಡಿಸಿದರು. 1927ರಲ್ಲಿ ಶುರು, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. 60 ಎಕರೆ ಇದೆ, ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತದೆ. ಕಾವೇರಮ್ಮನ ವಿಗ್ರಹಕ್ಕೆ ಕೈ ಮುಗಿಸು. ಮೊದಲು ಕಟ್ಟೆ ಮೇಲೂ ನಡೆಯಬಹುದಿತ್ತು. ಒಂದು ಕಡೆ ಕಣ್ಣು ಹಾಯುವಷ್ಟು ನೀರು, ಇನ್ನೊಂದು ಕಡೆ ಕೆಳಗೆ ತೋಟ. ಈಗ ಬಿಡುವುದಿಲ್ಲ.

ಆಗೆಲ್ಲ ಬೆಂಗಳೂರಿಂದ ಯಾರು ಕೆಆರ್‌ಎಸ್‌ಗೆ ಹೋದರೂ ಮಂಡ್ಯದಲ್ಲಿ ನಮ್ಮ ಮನೆ ಊಟ ಮಾಡಿಯೇ ಹೋಗುತ್ತಿದ್ದರು. 2023ರಲ್ಲಿ ಆ ಎಕ್ಸ್‌ಪ್ರೆಸ್‌ವೇ ಆಯಿತು ನೋಡು, ಊರು ಪಕ್ಕದಲ್ಲೇ ಉಳಿಯಿತು. ಬರ್ರನೆ ಹೋಗಿಬಿಡುತ್ತಾರೆ. ಕಾರಂಜಿ ಮುಂದೆ ನಿಂತ ಫೋಟೋ ಈ ಗ್ರೂಪಿನಲ್ಲಿ ನೋಡಿದ ಮೇಲೆ ನನಗೆ ಗೊತ್ತಾಗುತ್ತದೆ, ಬಂದಿದ್ದರು ಅಂತ. ಒಂದು ಲೋಟ ಕಾಫಿಗೂ ಪುರುಸೊತ್ತು ಇಲ್ವಾ? ನಿಮ್ಮ ದೊಡ್ಡಪ್ಪ ಬಾಯಿ ಬಿಟ್ಟು ಹೇಳಲ್ಲ, ಆದರೆ ಫೋಟೋ ನೋಡಿ ಸುಮ್ನೆ ಎದ್ದು ಹೋಗುತ್ತಾರೆ.

ಇರಲಿ. ಇನ್ನೊಂದು ಸಲ ಹೇಳುತ್ತೇನೆ ರೂಪಾ, ಸೇತುವೆ ಮೇಲೆ ಮಗು ಕೈ ಬಿಡಬೇಡ. ಬೆರಳು ಕೊಡಬೇಡ, ಮಣಿಕಟ್ಟು ಹಿಡಿ. ಚಿಕ್ಕವಳನ್ನು ನಿನ್ನ ಗಂಡ ಎತ್ತಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಕತ್ತಲಾದ ಮೇಲೆ ಇರಬಹುದು, ದೀಪ ಇರುವ ಕಡೆ ಮಾತ್ರ. ಗಿಡದ ಸಂದಿಗೆ, ಖಾಲಿ ಮೂಲೆಗೆ ಮಕ್ಕಳನ್ನು ಬಿಡಬೇಡ. ನಾಲ್ಕು ಗಂಟೆಗೇ ಒಳಗೆ ಹೋಗಿ ಈ ಕಡೆಯದೆಲ್ಲ ನೋಡಿ ಮುಗಿಸಿ, ಬೆಳಕಿರುವಾಗಲೇ ಸೇತುವೆ ದಾಟಿ. ಕಾರಂಜಿ ಎಷ್ಟು ಹೊತ್ತಿಗೆ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳು. ಮುಗಿದ ಕೂಡಲೇ ಏಳಬೇಡಿ, ಜನ ಹೋಗಲಿ. ಮಕ್ಕಳ ಜೇಬಿನಲ್ಲಿ ನಿನ್ನ ಫೋನ್ ನಂಬರ್ ಬರೆದ ಚೀಟಿ ಇರಲಿ. ಮನೆಗೆ ಬರುವುದಾದರೆ ಶನಿವಾರವೇ ಹೇಳು, ಕಾಳು ನೆನೆಹಾಕಬೇಕು.