ತೋಟದ ಕಚೇರಿಯ ಕಂಪ್ಯೂಟರ್‌ನಲ್ಲಿ ಪ್ಲ್ಯಾಂಕ್ ಡಾಕ್: ಕಪ್ಪು ಪಟ್ಟಿ, ಜೋಡಿ ಐಕಾನ್, ಕಾಣೆಯಾಗುವ ಐಕಾನ್

ಸುಂಟಿಕೊಪ್ಪದ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಕಚೇರಿಯಲ್ಲಿರುವ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಕಾರ್ಯಾಚರಣ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಸಿದ್ದೇವೆ. ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಹಿರಿಯರು. ಮೆನುವಿನೊಳಗೆ ಹುಡುಕಾಡುವುದು ಅವರಿಗೆ ತ್ರಾಸವಾದ್ದರಿಂದ, ಕೂಲಿ ಲೆಕ್ಕದ ತಂತ್ರಾಂಶ, ಹಾಜರಿ ಪಟ್ಟಿ, ದಿನದ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವ ಹಾಳೆ, ಇವಿಷ್ಟೂ ಪರದೆಯ ಕೆಳಗೆ ಸಾಲಾಗಿ ಕಾಣಲೆಂದು ಪ್ಲ್ಯಾಂಕ್ ಎಂಬ ಡಾಕ್ (ಐಕಾನ್‌ಗಳ ಸಾಲು) ಅಳವಡಿಸಿದೆ. ಈಗ ಮೂರು ತೊಂದರೆಗಳಿವೆ. ಡಾಕ್‌ನ ಹಿಂದೆ ಅಗಲವಾದ ಕಪ್ಪು ಪಟ್ಟಿ ಕಾಣಿಸುತ್ತದೆ. ವೈನ್ (ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಸಾಧನ) ಮೂಲಕ ನಡೆಯುವ ಕೂಲಿ ಲೆಕ್ಕದ ತಂತ್ರಾಂಶವನ್ನು ತೆರೆದರೆ, ಇಟ್ಟ ಐಕಾನ್ ಹಾಗೆಯೇ ಉಳಿದು ಸಾಲಿನ ಕೊನೆಯಲ್ಲಿ ಇನ್ನೊಂದು ಐಕಾನ್ ಹುಟ್ಟಿಕೊಳ್ಳುತ್ತದೆ. ರೈಟರ್ ಅವರು ಮೊದಲಿನದನ್ನೇ ಮತ್ತೆ ಒತ್ತಿ, ತಂತ್ರಾಂಶ ಎರಡು ಸಲ ತೆರೆದುಕೊಳ್ಳುತ್ತದೆ. ಮೂರನೆಯದಾಗಿ, ಮೌಸ್ ಸ್ವಲ್ಪ ಎಳೆದಂತಾದರೆ ಐಕಾನ್ ಡಾಕ್‌ನಿಂದ ಹೊರಬಿದ್ದು ಮಾಯವಾಗುತ್ತದೆ. ಕೂಲಿ ಬಟವಾಡೆಯ ದಿನ ಹೀಗಾದರೆ ಜನ ಕಾಯಬೇಕಾಗುತ್ತದೆ. ದಾರಿ ತಿಳಿದವರು ದಯವಿಟ್ಟು ತಿಳಿಸಬೇಕು.

ಗಣಕ ಶಿಕ್ಷಕಿ, ಪೊನ್ನಂಪೇಟೆ:

ನಮಸ್ಕಾರ ಸರ್. ಕಪ್ಪು ಪಟ್ಟಿಗೆ ಡಾಕ್ ಕಾರಣವಲ್ಲ. ಪ್ಲ್ಯಾಂಕ್ ತನ್ನ ಕಿಟಕಿಯ ಖಾಲಿ ಭಾಗವನ್ನು ಪಾರದರ್ಶಕವಾಗಿ ತೋರಿಸಲು ಕಾಂಪೋಸಿಟರ್ (ಕಿಟಕಿಗಳನ್ನು ಒಂದರ ಮೇಲೊಂದು ಬೆರೆಸಿ ಪರದೆಯಲ್ಲಿ ತೋರಿಸುವ ಭಾಗ) ಚಾಲನೆಯಲ್ಲಿರಬೇಕು. ಹಳೆಯ ಯಂತ್ರ ಹಗುರವಾಗಿ ನಡೆಯಲೆಂದು ಯಾರಾದರೂ ಅದನ್ನು ನಿಲ್ಲಿಸಿದ್ದರೆ ಆ ಖಾಲಿ ಭಾಗವೇ ಕಪ್ಪಾಗಿ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು, ಕಾಂಪೋಸಿಟರ್ ಎಂಬ ಪುಟದಲ್ಲಿ ಮೊದಲನೆಯ ಆಯ್ಕೆಗೆ ಗುರುತು ಹಾಕಿ. ಪಟ್ಟಿ ಹೋದ ಮೇಲೆ ಡಾಕ್‌ನ ಮೇಲ್ಗಡೆ ಪರದೆಗೆ ಅಡ್ಡಲಾಗಿ ತೆಳುವಾದ ನೆರಳಿನ ಗೆರೆಯೊಂದು ಕಾಣಿಸಿಕೊಳ್ಳಬಹುದು. ಅದೇ ಪುಟದಲ್ಲಿ ಡಾಕ್ ಕಿಟಕಿಗಳಿಗೆ ನೆರಳು ತೋರಿಸುವ ಆಯ್ಕೆಯ ಗುರುತನ್ನು ತೆಗೆದರೆ ಅದೂ ಹೋಗುತ್ತದೆ.

ಜೋಡಿ ಐಕಾನ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೆರೆದ ಕಿಟಕಿ ಯಾವ ಐಕಾನ್‌ಗೆ ಸೇರಿದ್ದು ಎಂಬುದನ್ನು ಪ್ಲ್ಯಾಂಕ್ ತಾನೇ ನಿರ್ಧರಿಸುವುದಿಲ್ಲ. ಬಾಮ್ಫ್ ಎಂಬ ಹಿನ್ನೆಲೆ ತಂತ್ರಾಂಶವು ಕಿಟಕಿಯ ವರ್ಗದ ಹೆಸರನ್ನು ಡೆಸ್ಕ್‌ಟಾಪ್ ಕಡತದೊಂದಿಗೆ (ತಂತ್ರಾಂಶದ ಹೆಸರು, ಐಕಾನ್, ತೆರೆಯುವ ಆದೇಶ ಬರೆದಿರುವ ಚಿಕ್ಕ ಕಡತ) ಹೋಲಿಸಿ ಹೇಳುತ್ತದೆ. ವೈನ್ ತಂತ್ರಾಂಶಗಳಲ್ಲಿ ಈ ಎರಡು ಹೆಸರುಗಳು ಹೊಂದದೆ ಹೋಗುವುದು ಸಾಮಾನ್ಯ. ಮೊದಲು ತಂತ್ರಾಂಶವನ್ನು ತೆರೆದಿಟ್ಟು, ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ (xprop) ಆದೇಶ ಕೊಟ್ಟು, ಮೌಸ್ ಸೂಚಕವು ಕೂಡು ಚಿಹ್ನೆಯಂತಾದಾಗ ಆ ಕಿಟಕಿಯ ಮೇಲೆ ಒತ್ತಿ. ಬರುವ ಉದ್ದನೆಯ ಪಟ್ಟಿಯಲ್ಲಿ ಡಬ್ಲ್ಯುಎಂ ಕ್ಲಾಸ್ (WM_CLASS) ಎಂಬ ಸಾಲಿನ ಎರಡನೆಯ ಹೆಸರನ್ನು ಬರೆದುಕೊಳ್ಳಿ; ಅದು ಸಾಮಾನ್ಯವಾಗಿ ಇಎಕ್ಸ್‌ಇ ಎಂದು ಕೊನೆಗೊಳ್ಳುತ್ತದೆ. ನಂತರ ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿದ ಲೋಕಲ್ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿರುವ ವೈನ್ ಎಂಬ ಫೋಲ್ಡರ್‌ನ ಒಳಗೆ ವೈನ್ ನಿರ್ಮಿಸಿದ ಡೆಸ್ಕ್‌ಟಾಪ್ ಕಡತವಿರುತ್ತದೆ. ಅದನ್ನು ಪಠ್ಯ ಸಂಪಾದಕದಲ್ಲಿ ತೆರೆದು, ಸ್ಟಾರ್ಟಪ್, ಡಬ್ಲ್ಯುಎಂ, ಕ್ಲಾಸ್ ಮೂರನ್ನೂ ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಒಂದೇ ಪದವಾಗಿ (StartupWMClass) ಬರೆದು, ಸಮ ಚಿಹ್ನೆಯ ಮುಂದೆ ಆ ಹೆಸರನ್ನು ಅಕ್ಷರ ತಪ್ಪದಂತೆ ಸೇರಿಸಿ. ಈ ಸಾಲು ಮೊದಲೇ ಇದ್ದರೆ ಹೆಸರನ್ನು ಮಾತ್ರ ಸರಿಪಡಿಸಿದರೆ ಸಾಕು. ಲಾಗ್ ಔಟ್ ಆಗಿ ಮತ್ತೆ ಒಳಬಂದು, ಹಳೆಯ ಐಕಾನ್ ತೆಗೆದು, ಮೆನುವಿನಿಂದ ತಂತ್ರಾಂಶ ತೆರೆದು, ಡಾಕ್‌ನಲ್ಲಿ ಮೂಡಿದ ಐಕಾನ್ ಮೇಲೆ ಬಲಗುಂಡಿ ಒತ್ತಿ ಅಲ್ಲಿಯೇ ಉಳಿಸಿಕೊಳ್ಳಿ.

ಮಳೆ ಲೆಕ್ಕದ ಹಾಳೆಗೆ ಇದು ಅನ್ವಯಿಸದು. ಡಾಕ್‌ನಲ್ಲಿ ಕಡತವನ್ನೇ ಇಟ್ಟಾಗ, ತೆರೆದ ಕಿಟಕಿ ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಹೆಸರಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ಅದು ದೋಷವಲ್ಲ ಎಂದು ರೈಟರ್ ಅವರಿಗೆ ಮೊದಲೇ ತಿಳಿಸಿದರೆ ಒಳ್ಳೆಯದು.

ಕಂಪ್ಯೂಟರ್ ದುರಸ್ತಿಗಾರ, ಮಡಿಕೇರಿ:

ಮೇಡಂ ಹೇಳಿದ್ದೆಲ್ಲ ಸರಿ. ಮೂರನೆಯ ತೊಂದರೆಗೆ ಕಂಟ್ರೋಲ್ ಕೀಲಿ ಹಿಡಿದು ಡಾಕ್ ಮೇಲೆ ಬಲಗುಂಡಿ ಒತ್ತಿ ಪ್ರಿಫರೆನ್ಸಸ್ ತೆರೆಯಿರಿ. ವರ್ತನೆಯ ಪುಟದಲ್ಲಿ ಐಕಾನ್‌ಗಳಿಗೆ ಬೀಗ ಹಾಕುವ ಆಯ್ಕೆಯಿದೆ. ಹಿರಿಯರು ಬಳಸುವ ಯಂತ್ರದಲ್ಲಿ ಇದನ್ನು ಮೊದಲ ದಿನವೇ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯೇ ಡಾಕ್ ಅಡಗುವ ವ್ಯವಸ್ಥೆಯನ್ನೂ ನಿಲ್ಲಿಸಿ, ಏಕೆಂದರೆ ಕಣ್ಣಿಗೆ ಕಾಣದ ಡಾಕ್ ಅವರ ಪಾಲಿಗೆ ಇಲ್ಲದ ಹಾಗೆಯೇ. ಮಿಂಟ್‌ನ ಪ್ಯಾನೆಲ್ (ಮೆನು ಇರುವ ಪಟ್ಟಿ) ಕೂಡ ಕೆಳಗೇ ಇರುವುದರಿಂದ ಅದನ್ನು ಮೇಲಂಚಿಗೆ ಒಯ್ಯಿರಿ.

ಎಲ್ಲ ಸರಿಯಾದ ಮೇಲೆ ಡಾಕ್‌ನ ಸೆಟ್ಟಿಂಗ್ಸ್‌ನ ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ತೆಗೆದಿಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಯುಪಿಎಸ್ ಇಲ್ಲದ ಯಂತ್ರ ಬರೆಯುವ ನಡುವೆಯೇ ನಿಂತರೆ ಕಡತಗಳು ಕೆಡಬಹುದು. ಐಕಾನ್‌ಗಳ ಪಟ್ಟಿಯು ಅಡಗಿದ ಕಾನ್ಫಿಗ್ ಫೋಲ್ಡರ್‌ನ ಪ್ಲ್ಯಾಂಕ್ ಎಂಬಲ್ಲಿ, ಒಂದೊಂದು ಐಕಾನ್‌ಗೆ ಒಂದೊಂದು ಚಿಕ್ಕ ಕಡತವಾಗಿ ಇರುತ್ತದೆ. ಆದರೆ ಗಾತ್ರ, ಥೀಮ್, ಬೀಗ ಮುಂತಾದ ಆಯ್ಕೆಗಳು ಡಿಕಾನ್ಫ್ ಎಂಬ ಸೆಟ್ಟಿಂಗ್ಸ್ ಸಂಗ್ರಹದಲ್ಲಿರುವ ಕಾರಣ ಫೋಲ್ಡರ್ ನಕಲಿಸಿದರೆ ಅವು ಬರುವುದಿಲ್ಲ. ಡಿಕಾನ್ಫ್ ಡಂಪ್ (dconf dump) ಆದೇಶದಿಂದ ಅವನ್ನು ಬೇರೆಯಾಗಿ ತೆಗೆದಿಡಬೇಕು.

ಸೋಮವಾರಪೇಟೆಯ ವಿದ್ಯಾರ್ಥಿ:

ನನ್ನದು ಉಬುಂಟು. ಪ್ಲ್ಯಾಂಕ್ ಹಾಕಿದರೆ ಸರಿಯಾಗಿ ನಡೆಯುತ್ತಿಲ್ಲ. ಮೇಲಿನ ಪರಿಹಾರಗಳು ನನಗೂ ಆಗುತ್ತವೆಯೇ?

ಗಣಕ ಶಿಕ್ಷಕಿ, ಪೊನ್ನಂಪೇಟೆ:

ಆಗುವುದಿಲ್ಲ. ಪ್ಲ್ಯಾಂಕ್ ರೂಪುಗೊಂಡದ್ದು ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ಎಕ್ಸ್ 11 ವ್ಯವಸ್ಥೆಗೆ, ಉಬುಂಟು 21.04ರಿಂದ ಹೆಚ್ಚಿನ ಯಂತ್ರಗಳಲ್ಲಿ ಅದರ ಬದಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ತಾನಾಗಿಯೇ ಬರುತ್ತದೆ, 25.10ರಲ್ಲಂತೂ ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಎಕ್ಸ್ 11 ಮೂಲಕ ಲಾಗಿನ್ ಆಗುವ ಆಯ್ಕೆಯನ್ನೇ ತೆಗೆದಿದ್ದಾರೆ. ನಿಮ್ಮಲ್ಲಿ ಈಗಾಗಲೇ ಇರುವ ಉಬುಂಟು ಡಾಕ್, 17.10ರಿಂದ ಬಂದದ್ದು, ಡ್ಯಾಶ್ ಟು ಡಾಕ್ ಎಂಬ ಗ್ನೋಮ್ ವಿಸ್ತರಣೆಯ ರೂಪಾಂತರ. ಸೆಟ್ಟಿಂಗ್ಸ್‌ನಿಂದಲೇ ಅದನ್ನು ಕೆಳಕ್ಕೆ ತಂದು ಗಾತ್ರವನ್ನು ಬದಲಿಸಿಕೊಳ್ಳಬಹುದು.

ಸುಂಟಿಕೊಪ್ಪದ ಬೆಳೆಗಾರ:

ತುಂಬಾ ಉಪಕಾರವಾಯಿತು. ಕಪ್ಪು ಪಟ್ಟಿ ಹೋಯಿತು, ನೆರಳಿನ ಗೆರೆಯೂ ಬಂದು ಹೋಯಿತು. ಕೂಲಿ ಲೆಕ್ಕಕ್ಕೆ ಈಗ ಒಂದೇ ಐಕಾನ್, ತೆರೆದಾಗ ಅದರ ಕೆಳಗೇ ಚುಕ್ಕೆ ಬೆಳಗುತ್ತದೆ. ಬೀಗ ಹಾಕಿ, ಐಕಾನ್ ಗಾತ್ರವನ್ನು 64ಕ್ಕೆ ಏರಿಸಿದ್ದೇನೆ. ಡಿಕಾನ್ಫ್ ಪ್ರತಿ ತೆಗೆಯುವುದು ಮಾತ್ರ ಬಾಕಿಯಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ತರಲು ಮಡಿಕೇರಿಗೆ ಬಂದಾಗ ಪೆನ್ ಡ್ರೈವ್ ಕೊಂಡು ಅದನ್ನೂ ಮುಗಿಸುತ್ತೇನೆ.