ಬಿಡಿ ಬ್ಯಾಟರಿ ವಿಮಾನದಲ್ಲಿ ಕಳಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕ. ಕೈಯಲ್ಲಿ ಹಿಡಿಯುವ ಮೀಟರ್ ಮಾಡುತ್ತೇವೆ. ಜರ್ಮನಿಯ ಗ್ರಾಹಕರು 10 ಮೀಟರ್, ಜೊತೆಗೆ ಒಂದೊಂದು ಬಿಡಿ ಬ್ಯಾಟರಿ ಕೇಳಿದ್ದಾರೆ. ಲೀಥಿಯಂ ಅಯಾನ್ ಪ್ಯಾಕ್, 11.1 ವೋಲ್ಟ್, 2600 ಎಂಎಎಚ್. ಬ್ಯಾಟರಿಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿದ್ದೆವು. ಏಜೆಂಟ್ ಅದನ್ನು ಮಾತ್ರ ವಾಪಸ್ ಕಳಿಸಿದರು. ಯಾಕೆ?

ಉತ್ತರ 1: ಬೇರೆ ಡಬ್ಬಿ ಮಾಡಿದ್ದೇ ತೊಂದರೆ. ನಾನು ಕಾರ್ಗೋ ಬುಕಿಂಗ್ ಕೆಲಸದಲ್ಲಿದ್ದೇನೆ, ಇದನ್ನು ಜಾಸ್ತಿ ನೋಡುತ್ತೇನೆ. ಅಪಾಯಕಾರಿ ಸರಕಿಗೆಲ್ಲ ವಿಶ್ವಸಂಸ್ಥೆಯ ಒಂದು ಯುಎನ್ ಸಂಖ್ಯೆ ಇರುತ್ತದೆ. ಬ್ಯಾಟರಿ ಒಂದೇ ಹೋದರೆ ಅದು ಯುಎನ್ 3480. 2016ರ ಏಪ್ರಿಲ್‌ನಿಂದ ಅದನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಸರಕು ವಿಮಾನವೇ ಬೇಕು, ಡಿಜಿ ಡಿಕ್ಲರೇಷನ್ (ಅಪಾಯಕಾರಿ ಸರಕಿನ ಘೋಷಣಾ ಪತ್ರ) ಬೇಕು, ಖರ್ಚೂ ಏರುತ್ತದೆ. ಅದೇ ಬ್ಯಾಟರಿ ಮೀಟರ್ ಇರುವ ಡಬ್ಬಿಯಲ್ಲೇ ಹೋದರೆ ಯುಎನ್ 3481, ಅದಕ್ಕೆ ಆ ನಿಷೇಧ ಇಲ್ಲ.

ನಿಮ್ಮ ಪ್ಯಾಕ್ 11.1 ಗುಣಿಸು 2.6, ಅಂದರೆ ಸುಮಾರು 29 ವ್ಯಾಟ್ ಅವರ್. 100ರ ಒಳಗಿದೆ. ಒಂದು ಡಬ್ಬಿಯಲ್ಲಿ ಬ್ಯಾಟರಿಗಳ ತೂಕ 5 ಕೆಜಿ ದಾಟದಿದ್ದರೆ ಡಿಕ್ಲರೇಷನ್ ಬೇಡ. ಡಬ್ಬಿ ಮೇಲೆ ಬ್ಯಾಟರಿ ಗುರುತು, ಏರ್‌ವೇ ಬಿಲ್‌ನಲ್ಲಿ (ವಿಮಾನ ಸರಕಿನ ಸಾಗಣೆ ಪತ್ರ) ಅದರ ಬಗ್ಗೆ ಒಂದು ಸಾಲು ಸಾಕು. ಪ್ರತಿ ಮೀಟರ್‌ಗೆ ಎರಡು ಸೆಟ್ ಬಿಡಿ ಬ್ಯಾಟರಿವರೆಗೂ ಅವಕಾಶವಿದೆ.

ಯುಎನ್ 38.3, ಅಂದರೆ ಲೀಥಿಯಂ ಬ್ಯಾಟರಿ ಸಾಗಣೆಗೆ ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ಸಾರಾಂಶ ಇದೆಯಾ? ಸೆಲ್‌ನದು ತೋರಿಸಿ ದಾಟಿಸೋಣ ಅಂದುಕೊಳ್ಳಬೇಡಿ. ಸೆಲ್ ಜೋಡಿಸಿ ನೀವೇ ಪ್ಯಾಕ್ ಮಾಡಿದ್ದರೆ ಆ ಪ್ಯಾಕ್‌ಗೇ ಪರೀಕ್ಷೆ ಆಗಿರಬೇಕು. ‘ಎಲೆಕ್ಟ್ರಾನಿಕ್ ಸಾಮಾನು’ ಅಂತ ಬರೆದು ಕಳಿಸಿ ಎನ್ನುವವರ ಮಾತು ಮಾತ್ರ ಕೇಳಲೇಬೇಡಿ. 2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಬಿದ್ದ ಯುಪಿಎಸ್ ಸರಕು ವಿಮಾನದಲ್ಲಿ ಲೀಥಿಯಂ ಬ್ಯಾಟರಿಗಳಿದ್ದವು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. ಏಜೆಂಟ್‌ಗಳು ಸುಮ್ನೆ ಕಿರಿಕಿರಿ ಮಾಡುತ್ತಿಲ್ಲ.

ಉತ್ತರ 2: ಚಾರ್ಜ್ ವಿಷಯ ಯಾರೂ ಹೇಳಲಿಲ್ಲ, ಅಲ್ವಾ? ಬಿಡಿ ಬ್ಯಾಟರಿ ಒಂದೇ ಹೋಗುವುದಾದರೆ 30% ಚಾರ್ಜ್ ಮಿತಿ 2016ರಿಂದಲೇ ಇತ್ತು. 2026ರ ಜನವರಿಯಿಂದ ಸಾಧನದ ಜೊತೆ ಇಡುವ ಇಂಥ ಬಿಡಿ ಪ್ಯಾಕ್‌ಗೂ ಅದೇ ಮಿತಿ. ಹವ್ಯಾಸಿಗಳ ಚಾರ್ಜರ್‌ನಲ್ಲಿ ‘ಸ್ಟೋರೇಜ್’ ಅಂತ ಒಂದು ಬಟನ್ ಇರುತ್ತದೆ. ನಾವು ಡ್ರೋನ್ ಹಾರಿಸುವವರು ಅದನ್ನೇ ನಂಬುತ್ತೇವೆ. ಆದರೆ ಅದು ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಅಂದರೆ ಅರ್ಧದ ಹತ್ತಿರ, ಮಿತಿಗಿಂತ ಜಾಸ್ತಿ. ಪ್ಯಾಕ್ ತಯಾರಕರು ಹೇಳಿದ ಕನಿಷ್ಠ ವೋಲ್ಟೇಜ್‌ವರೆಗೆ ಖಾಲಿ ಮಾಡಿ, ಆಮೇಲೆ 650 ಎಂಎಎಚ್ ತುಂಬಿ. ನಿಮ್ಮ ಪ್ಯಾಕ್‌ಗೆ ಅದು 25%. ಮಾಡಿದ್ದನ್ನು ಬರೆದಿಟ್ಟುಕೊಳ್ಳಿ, ಕೇಳಿದರೆ ತೋರಿಸಬಹುದು.

ಉತ್ತರ 3: ಪ್ಯಾಕಿಂಗ್ ಬಗ್ಗೆ ಎರಡು ಮಾತು. ಟರ್ಮಿನಲ್ ಮೇಲೆ ಇನ್ಸುಲೇಷನ್ ಟೇಪ್ ಹಾಕಿ. ಒಂದೊಂದು ಪ್ಯಾಕನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಸರ್ಕ್ಯೂಟ್ ಬೋರ್ಡ್ ಬರುವ ಬೆಳ್ಳಿ ಬಣ್ಣದ ಕವರ್ ಬೇಡ, ಅದರಲ್ಲಿ ಲೋಹದ ಪದರ ಇರುತ್ತದೆ. ಸ್ಕ್ರೂ, ಕೇಬಲ್ ಒಂದೇ ಖಾನೆಯಲ್ಲಿ ಹಾಕಬೇಡಿ. ಡಬ್ಬಿ 1.2 ಮೀಟರ್ ಎತ್ತರದಿಂದ ಬಿದ್ದರೂ ತಾಳಬೇಕು. ಅಲ್ಲಾಡಿಸಿದಾಗ ಒಳಗೆ ಸದ್ದು ಬಂದರೆ ಮತ್ತೆ ಬಿಚ್ಚಿ ಕಟ್ಟಿ. ಮೀಟರ್ ಸ್ವಿಚ್ ತಾನಾಗಿ ಆನ್ ಆಗದಂತೆ ನೋಡಿಕೊಳ್ಳಿ.

ಉತ್ತರ 1: ಒಂದು ಬಿಟ್ಟಿದ್ದೆ. ಗ್ರಾಹಕರು ಉಬ್ಬಿದ ಪ್ಯಾಕ್ ವಾಪಸ್ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ಹಾಳಾದ ಲೀಥಿಯಂ ಬ್ಯಾಟರಿ ವಿಮಾನ ಹತ್ತುವಂತಿಲ್ಲ. ಫೋಟೋ ತರಿಸಿಕೊಂಡು, ಅಲ್ಲೇ ರೀಸೈಕಲ್‌ಗೆ ಕೊಡಲು ಹೇಳಿ.