ಸಹಾಯ ಬೇಕು: ತಮ್ಮನಿಗೆ ಮೊದಲು ಯಾವ ಹಳೇ ವಿಡಿಯೋ ಗೇಮ್ ಕೊಡಲಿ?

ನಮಸ್ಕಾರ ಗೆಳೆಯರೇ. ತಮ್ಮನಿಗೆ ಹಳೇ ಗೇಮ್‌ಗಳ ರುಚಿ ಹತ್ತಿಸಬೇಕು. ಮೊದಲು ಯಾವುದು ಅನ್ನೋದರಲ್ಲೇ ನನಗೂ ಅಕ್ಕನಿಗೂ ವಾರದಿಂದ ವಾದ.

ಅಕ್ಕನ ಆಯ್ಕೆ 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್'. ಅದರ ಕತ್ತಿವರಸೆಯಲ್ಲಿ ಗೆಲ್ಲೋದು ಕೈಚಳಕದಿಂದಲ್ಲ, ಬೈಗುಳಕ್ಕೆ ತಕ್ಕ ತಿರುಗೇಟು ಕೊಟ್ಟರೆ ಮಾತ್ರ. ಸೋತರೂ ಎದುರಾಳಿಯ ಬೈಗುಳ ಕಲಿತು ಮುಂದಿನವನ ಮೇಲೆ ಬಳಸಬಹುದು. ಚೆನ್ನಾಗಿದೆ, ಒಪ್ಪುತ್ತೇನೆ.

ಆದರೆ ನನ್ನ ಮನಸ್ಸು 1995ರ 'ಕ್ರೋನೋ ಟ್ರಿಗರ್' ಕಡೆಗೇ. ಶುರುವಿನ ಜಾತ್ರೆಯಲ್ಲಿ ಸುಮ್ನೆ ಯಾರದೋ ಊಟ ತಿಂದಿರುತ್ತೀರಿ, ಆಮೇಲೆ ಕೋರ್ಟಿನಲ್ಲಿ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ! ಮೊದಲ ಸಲ ಆಡಿದಾಗ ದಂಗಾಗಿ ಕೂತಿದ್ದೆ.

ತಮ್ಮ ಇಂಗ್ಲಿಷ್ ಓದೋದು ಸ್ವಲ್ಪ ನಿಧಾನ, ತಾಳ್ಮೆ ಜಾಸ್ತಿ. ಎರಡನ್ನೂ ಆಡಿದವರು ಹೇಳಿ, ಯಾವುದರಿಂದ ಶುರು ಮಾಡಿಸಲಿ? ಸಿಕ್ಕಿಬಿದ್ದಾಗ ಪಕ್ಕದಲ್ಲಿ ಕೂತು ಸುಳಿವು ಕೊಡಬೇಕಾ, ಅವನ ಪಾಡಿಗೆ ಬಿಡಬೇಕಾ?